ತಮ್ಮನ ಗುಳಿಗೆ, ನನ್ನ ನಂಬಿಕೆ

ರಾತ್ರಿ ಒಂಬತ್ತಕ್ಕೆ ನನ್ನ ಮೊಬೈಲಿನ ಅಲಾರಾಂ ಹೊಡೆದುಕೊಳ್ಳುತ್ತದೆ. ಓದುತ್ತಿದ್ದ ಪುಸ್ತಕ ಮಗುಚಿಟ್ಟು ಎದ್ದು, ಗೋಡೆಯ ಮಾಡದಲ್ಲಿರುವ ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದು, ತಮ್ಮನ ಅಂಗೈಗೆ ಒಂದು ಗುಳಿಗೆ ಹಾಕುತ್ತೇನೆ. ಅವನು ನುಂಗಿ ನೀರು ಕುಡಿಯುವವರೆಗೆ ಅಲ್ಲೇ ನಿಂತಿರುತ್ತೇನೆ. ಐದು ವರ್ಷದಿಂದ ಇದು ನನ್ನ ಕೆಲಸ. ನಡುವೆ ಆರು ದಿನ ಮಾತ್ರ ತಪ್ಪಿಸಿದ್ದೆ. ಮರೆತು ಅಲ್ಲ, ಬೇಕೆಂದೇ ತಪ್ಪಿಸಿದ್ದೆ. ಈ ಬರಹ ಆ ಆರು ದಿನಗಳ ಬಗ್ಗೆ, ಮತ್ತು ಅದಾದ ಮೇಲೆ ನಾನು ಮೊದಲ ಸಲ ಸರಿಯಾಗಿ ಓದಿದ ನಾಲ್ಕು ಚಿಕ್ಕ ಪುಸ್ತಕಗಳ ಬಗ್ಗೆ.

ನಮ್ಮೂರು ಭಂಕೂರ. ಶಹಾಬಾದ್ ಪಕ್ಕದ ಕಲ್ಲಿನ ಊರು. ನಿಮ್ಮ ಮನೆಯ ನೆಲಕ್ಕೋ, ನಿಮ್ಮೂರಿನ ಶಾಲೆಯ ಕಟ್ಟೆಗೋ ಹಾಸಿರುವ ನುಣುಪಾದ ಬೂದುಬಣ್ಣದ ಶಹಾಬಾದ್ ಫರ್ಸಿ ಈ ಸುತ್ತಲಿನ ಖಣಿಗಳಿಂದಲೇ ಬಂದಿರಬಹುದು. ಅಪ್ಪ ಫರ್ಸಿ ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಾನೆ. ಕಲ್ಲು ತೆಗೆದು ಮುಗಿದ ಮೇಲೆ ಖಣಿಗಳನ್ನು ಹಾಗೇ ಬಿಟ್ಟುಹೋಗುತ್ತಾರೆ. ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಲ್ಲುತ್ತದೆ. ಹಸಿರು ಬಣ್ಣದ, ಆಳ ತಿಳಿಯದ ನೀರು. ಊರಿನ ಹುಡುಗರೆಲ್ಲ ಈಜು ಕಲಿಯುವುದು ಅಲ್ಲೇ. ನನ್ನ ತಮ್ಮನಿಗೆ ಮಾತ್ರ ಆ ಕಡೆ ಹೋಗುವಂತಿಲ್ಲ. ಅಡುಗೆಮನೆಯ ಒಲೆಯ ಹತ್ತಿರವೂ ಅವ್ವ ಅವನನ್ನು ಕೂಡಿಸುವುದಿಲ್ಲ. ಅವನಿಗೆ ಮೂರ್ಛೆ ಬರುತ್ತದೆ. ಜನ ಫಿಟ್ಸ್ ಅನ್ನುತ್ತಾರೆ.

ಮೊದಲ ಸಲ ಬಂದಾಗ ಅವನಿಗೆ 12 ವರ್ಷ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲಿನಲ್ಲಿ ನಿಂತವನು ಹಾಗೇ ಬಿದ್ದುಬಿಟ್ಟ. ಯಾರೋ ಕೈಗೆ ಕೀಲಿಕೈ ಗೊಂಚಲು ಕೊಟ್ಟರು, ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಅಲ್ಲಿಂದ ಮುಂದಿನ ಒಂದು ವರ್ಷ ಅವ್ವ-ಅಪ್ಪ ತಿರುಗದ ಜಾಗವಿಲ್ಲ. ನಮ್ಮದು ಕ್ರೈಸ್ತ ಮನೆತನ. ಆದರೆ ಮಗ ಬಿದ್ದಾಗ ಅವ್ವ ಧರ್ಮ ನೋಡಲಿಲ್ಲ. ಓಣಿಯವರು ಗಾಣಗಾಪುರ ಅಂದರೆ ಗಾಣಗಾಪುರಕ್ಕೆ ಹೋದಳು, ಪಕ್ಕದ ಮನೆಯ ಖಾಲಾ ಹೇಳಿದರೆಂದು ಕಲಬುರಗಿಯ ಬಂದೇನವಾಜ್ ದರ್ಗಾದಲ್ಲಿ ದಾರ ಕಟ್ಟಿ ಬಂದಳು. ಕೊನೆಗೆ ಕಲಬುರಗಿಯ ದವಾಖಾನೆಯೊಂದರಲ್ಲಿ ಪರೀಕ್ಷೆ ಮಾಡಿ ಗುಳಿಗೆ ಬರೆದುಕೊಟ್ಟರು. ಅದು ಹಿಡಿಯಿತು. ತಿಂಗಳಿಗೆ ಎರಡು ಸಲ ಬರುತ್ತಿದ್ದದ್ದು ಆರು ತಿಂಗಳಿಗೆ ಒಮ್ಮೆ ಆಯಿತು, ಆಮೇಲೆ ವರ್ಷಕ್ಕೆ ಒಮ್ಮೆ. ದಿನವೂ ನೆನಪಿಟ್ಟು ಗುಳಿಗೆ ಕೊಡುವ ಜವಾಬ್ದಾರಿ ನನಗೆ ಬಂತು.

ಆ ಆರು ದಿನ

ನಾನು ಬಿ.ಇಡಿ. ಮುಗಿಸಿ ಶಿಕ್ಷಕರ ನೇಮಕಾತಿಗೆ ಓದುತ್ತಿದ್ದೇನೆ. ಎರಡು ವರ್ಷದ ಹಿಂದೆ, ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ತಪ್ಪಿಸಿಕೊಂಡಿದ್ದ ದಿನಗಳು. ಮನಸ್ಸು ಎಲ್ಲಾದರೂ ಆಸರೆ ಹುಡುಕುತ್ತಿತ್ತು. ಆಗ ಹತ್ತಿರದ ಪಟ್ಟಣದಲ್ಲಿ ಮೂರು ರಾತ್ರಿಗಳ ಸ್ವಸ್ಥತೆಯ ಪ್ರಾರ್ಥನಾಕೂಟ ನಡೆಯಿತು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ವೇದಿಕೆಯ ಮೇಲೆ ತಮ್ಮನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವನು ಅತ್ತ. ಅವ್ವ ಅತ್ತಳು. ನಾನೂ ಅತ್ತೆ. ವಾಸಿಯಾಯಿತೆಂದು ಮೈಕಿನಲ್ಲಿ ಸಾರಿದರು. ಇನ್ನು ಮುಂದೆಯೂ ಗುಳಿಗೆ ನುಂಗಿದರೆ ದೇವರ ಮೇಲೆ ನಂಬಿಕೆ ಇಲ್ಲವೆಂದು ಅರ್ಥ ಎನ್ನುವ ಮಾತೂ ಬಂತು.

ಆ ಮಾತನ್ನು ಯಾರು ಆಡಿದರು ಎನ್ನುವುದಕ್ಕಿಂತ, ಅದನ್ನು ನಾನು ಒಪ್ಪಿಕೊಂಡೆ ಎನ್ನುವುದೇ ನನಗೆ ಇವತ್ತಿಗೂ ಚುಚ್ಚುತ್ತದೆ. ವಿಜ್ಞಾನದಲ್ಲಿ ಪದವಿ ಓದಿದವಳು ನಾನು. ಅಪ್ಪ ಮಾತ್ರ ಹಿಂಜರಿದ. ‘ದವಾಖಾನಿಯವ್ರನ್ನ ಒಂದ್ ಮಾತು ಕೇಳೂಣವ್ವಾ’ ಅಂದ. ‘ಅಪ್ಪಾ, ನೀ ಹಿಂಗ ಸಂಶಯ ಮಾಡೂದ್ಕೇ ಅವನಿಗೆ ಗುಣ ಆಗವಲ್ದು’ ಎಂದು ನಾನೇ ಬಾಯಿ ಮುಚ್ಚಿಸಿದೆ. ಒಂಬತ್ತು ಗಂಟೆಯ ಅಲಾರಾಂ ನಿಲ್ಲಿಸಿದವಳೂ ನಾನೇ.

ಏಳನೆಯ ದಿನ ಬೆಳಗಿನ ಜಾವ ಅವನಿಗೆ ಮೂರ್ಛೆ ಬಂತು. ಅದು ನಿಲ್ಲುವ ಮೊದಲೇ ಮತ್ತೊಂದು, ಎಚ್ಚರವಾಗುವ ಮೊದಲೇ ಇನ್ನೊಂದು. ತುಟಿ ನೀಲಿಗಟ್ಟಿತು. ಓಣಿಯ ಟಂಟಂನಲ್ಲಿ ಹಾಕಿಕೊಂಡು ಮೊದಲು ಶಹಾಬಾದಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕಲಬುರಗಿಗೆ. ದಾರಿಯುದ್ದಕ್ಕೂ ಅವ್ವ ಪ್ರಾರ್ಥಿಸುತ್ತಲೇ ಇದ್ದಳು. ನನ್ನಿಂದ ಒಂದು ಶಬ್ದವೂ ಹೊರಡಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಗುಳಿಗಿ ಯಾವಾಗ ಬಿಟ್ಟೀರಿ?’ ನಾನು ಹೇಳಿದೆ. ಅವರು ಬೈಯಲಿಲ್ಲ. ಬರೆದುಕೊಂಡರು, ಅಷ್ಟೇ. ಎರಡು ದಿನದ ಮೇಲೆ ತಮ್ಮ ಎದ್ದು ಕೂತ ಮೇಲೆ ವಿವರಿಸಿದರು. ಮೂರ್ಛೆಯ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದರೆ ಮಿದುಳಿನ ಮೇಲಿದ್ದ ಹತೋಟಿ ಥಟ್ಟನೆ ತಪ್ಪುತ್ತದೆ, ಮೂರ್ಛೆಯ ಮೇಲೆ ಮೂರ್ಛೆ ಬರಬಹುದು, ಜೀವವೂ ಹೋಗಬಹುದು. ನಿಲ್ಲಿಸುವ ಕಾಲ ಬಂದರೆ ವೈದ್ಯರೇ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.

ಮನೆಗೆ ಬಂದ ಮೇಲೆ ನೋಡಲು ಬಂದ ಒಬ್ಬಿಬ್ಬರು ಬೇರೆಯೇ ವಿವರಣೆ ಕೊಟ್ಟರು. ಹುಡುಗನ ನಂಬಿಕೆ ಗಟ್ಟಿ ಇರಲಿಲ್ಲ, ಅದಕ್ಕೇ ಹೋದ ರೋಗ ತಿರುಗಿ ಬಂತು ಅಂದರು. ತಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಮಲಗಿದ್ದ. ಅವರು ಹೋದ ಮೇಲೆ ಕೇಳಿದ: ‘ಅಕ್ಕಾ, ನಾ ಅವತ್ತ ಖರೇನೇ ನಂಬಿದ್ದೆ. ಇನ್ನೂ ಎಷ್ಟ್ ನಂಬಬೇಕಿತ್ತು?’

ನನ್ನ ಹತ್ತಿರ ಉತ್ತರವಿರಲಿಲ್ಲ.

ಭಾನುವಾರದ ಪಾಠ

ಉತ್ತರ ಹುಡುಕಿಕೊಂಡು ನಾನು ಸತ್ಯವೇದ ತೆರೆದೆ ಎಂದರೆ ಸುಳ್ಳಾಗುತ್ತದೆ. ಕೋಪದಲ್ಲಿ ಅದನ್ನು ಮುಟ್ಟಿರಲೇ ಇಲ್ಲ. ಆದರೆ ನಾನು ಚರ್ಚಿನ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಹೇಳುವವಳು. ಸರದಿಯ ಪ್ರಕಾರ ಆ ತಿಂಗಳು ನನಗೆ ಬಂದದ್ದು ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯ. ಬಿಡುವಂತಿರಲಿಲ್ಲ. ಓದತೊಡಗಿದೆ.

ಒಬ್ಬ ತಂದೆ ತನ್ನ ಮಗನನ್ನು ಕರೆದುಕೊಂಡು ಬಂದಿದ್ದಾನೆ. ಹುಡುಗ ಇದ್ದಕ್ಕಿದ್ದಂತೆ ಬೀಳುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ, ಮೈ ಸೆಟೆದುಕೊಳ್ಳುತ್ತದೆ. ಯೇಸು ಅಲ್ಲಿಲ್ಲ. ಶಿಷ್ಯರು ಪ್ರಯತ್ನಿಸಿ ಸೋತಿದ್ದಾರೆ. ಸೋತ ಮೇಲೆ ಪಂಡಿತರೊಂದಿಗೆ ವಾದಕ್ಕೆ ನಿಂತಿದ್ದಾರೆ. ಸುತ್ತ ಜನ ಸೇರಿದ್ದಾರೆ. ಯೇಸು ಬಂದು ಆ ತಂದೆಯನ್ನು ಮೊದಲು ಕೇಳುವುದು, ಇದು ಎಷ್ಟು ದಿನದಿಂದ ಎಂದು. ತಂದೆ ಹೇಳುತ್ತಾನೆ: ಚಿಕ್ಕಂದಿನಿಂದ. ಎಷ್ಟೋ ಸಲ ಬೆಂಕಿಯಲ್ಲಿ ಬಿದ್ದಿದ್ದಾನೆ, ನೀರಿನಲ್ಲಿ ಬಿದ್ದಿದ್ದಾನೆ.

ಬೆಂಕಿ ಮತ್ತು ನೀರು. ನಾನು ಅಲ್ಲೇ ನಿಂತೆ. ನಮ್ಮ ಮನೆಯ ಒಲೆ, ನಮ್ಮೂರಿನ ಖಣಿ. ಚಿಕ್ಕಂದಿನಿಂದ ಹತ್ತಾರು ಸಲ ಕೇಳಿದ್ದ ಕಥೆ. ಆದರೆ ಅದರಲ್ಲಿ ನನ್ನ ಅವ್ವ ಇದ್ದಾಳೆಂದು ಅವತ್ತಿನವರೆಗೆ ನನಗೆ ಗೊತ್ತಾಗಿರಲಿಲ್ಲ.

ಮುಂದೆ ಆ ತಂದೆ, ನಿನ್ನ ಕೈಲಾದರೆ ಏನಾದರೂ ಮಾಡು ಎಂದು ಅಂಗಲಾಚುತ್ತಾನೆ. ಕೈಲಾದರೆ ಎಂದರೇನು, ನಂಬುವವನಿಗೆ ಆಗದ್ದಿಲ್ಲ ಎನ್ನುವ ಉತ್ತರ ಬರುತ್ತದೆ. ಆಗ ಅವನು ಕೂಗಿ ಹೇಳುವ ಮಾತು ಎರಡು ತುಂಡಿನದು. ಮೊದಲ ತುಂಡಿನಲ್ಲಿ ನಂಬುತ್ತೇನೆ ಎನ್ನುತ್ತಾನೆ. ಎರಡನೆಯದರಲ್ಲಿ, ತನ್ನೊಳಗಿನ ನಂಬದಿರುವ ಪಾಲಿಗೂ ನೆರವಾಗೆಂದು ಬೇಡುತ್ತಾನೆ. ಅಷ್ಟೇ ಅವನ ಬಂಡವಾಳ. ಅರ್ಧ ನಂಬಿಕೆ, ಅರ್ಧ ಸಂಶಯ, ಎರಡನ್ನೂ ಮುಚ್ಚಿಡದ ಬಾಯಿ. ಹುಡುಗನಿಗೆ ಗುಣವಾಗುತ್ತದೆ. ಸಂಶಯ ಪೂರ್ತಿ ತೊಳೆದುಕೊಂಡು ಬಾ ಎಂದು ಆ ತಂದೆಯನ್ನು ಯಾರೂ ವಾಪಸು ಕಳಿಸುವುದಿಲ್ಲ.

ದವಾಖಾನೆಯವರನ್ನು ಕೇಳೋಣ ಎಂದ ನನ್ನ ಅಪ್ಪನ ಬಾಯಿಯನ್ನು ನಾನು ಮುಚ್ಚಿಸಿದ್ದೆ. ಕಥೆಯೊಳಗಿನ ಅಪ್ಪನಿಗೆ ಸಿಕ್ಕ ಮರ್ಯಾದೆ ನನ್ನಪ್ಪನಿಗೆ ನನ್ನಿಂದ ಸಿಗಲಿಲ್ಲ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಶಿಷ್ಯರು ಆಮೇಲೆ ಒಳಗೆ ಬಂದು, ನಮ್ಮಿಂದ ಯಾಕೆ ಆಗಲಿಲ್ಲ ಎಂದು ಗುಟ್ಟಾಗಿ ಕೇಳುತ್ತಾರೆ. ಮಾರ್ಕನಲ್ಲಿ, ಇಂಥದ್ದಕ್ಕೆ ಪ್ರಾರ್ಥನೆ ಬೇಕು ಎಂಬ ಉತ್ತರವಿದೆ. ಇದೇ ಘಟನೆ ಮತ್ತಾಯನ ಹದಿನೇಳನೆಯ ಅಧ್ಯಾಯದಲ್ಲೂ ಬರುತ್ತದೆ. ಅಲ್ಲಿನ ಉತ್ತರ ಇನ್ನೂ ನೇರ: ನಿಮ್ಮ ನಂಬಿಕೆ ಕಡಿಮೆ. ‘ನಿಮ್ಮ’ ಎಂದರೆ ಯಾರ? ಗುಣಪಡಿಸಲು ಹೋದವರ. ಮಲಗಿದ್ದ ಹುಡುಗನದ್ದಲ್ಲ, ಅವನ ಮನೆಯವರದ್ದೂ ಅಲ್ಲ. ಪ್ರಾರ್ಥಿಸಿಯೂ ಗುಣವಾಗದಿದ್ದಾಗ ಲೆಕ್ಕ ಕೇಳಿದ್ದು ಪ್ರಾರ್ಥಿಸಿದವರನ್ನು.

ನಂಬಿದವರು ಯಾರು?

ಆ ಮೇಲೆ ನನಗೆ ಹಟ ಬಂತು. ಪರೀಕ್ಷೆಗೆ ಟಿಪ್ಪಣಿ ಮಾಡುವಂತೆ ಒಂದು ನೋಟ್‌ಬುಕ್ ಹಾಕಿ, ಮತ್ತಾಯ, ಮಾರ್ಕ, ಲೂಕ, ಯೋಹಾನ ನಾಲ್ಕನ್ನೂ ಓದಿ, ಗುಣಪಡಿಸಿದ ಒಂದೊಂದು ಘಟನೆಯನ್ನೂ ಬರೆದುಕೊಂಡೆ. ಮೂರು ಕಾಲಂ: ರೋಗಿ ಯಾರು, ನಂಬಿದವರು ಯಾರು, ಆಮೇಲೆ ಏನಾಯಿತು. ಎರಡನೆಯ ಕಾಲಂ ನನ್ನ ತಲೆಯಲ್ಲಿದ್ದ ಎಷ್ಟೋ ವಿಷಯಗಳನ್ನು ಬುಡಮೇಲು ಮಾಡಿತು.

ಕಪೆರ್ನೌಮಿನ ಮನೆಯ ಮಾಳಿಗೆ ಬಿಚ್ಚಿ ಕೆಳಗಿಳಿಸಿದ ಪಾರ್ಶ್ವವಾಯುವಿನ ರೋಗಿ ಒಂದು ಮಾತೂ ಆಡಿಲ್ಲ. ಅಲ್ಲಿ ಗಣನೆಗೆ ಬಂದದ್ದು ಅವನನ್ನು ಹೊತ್ತು ತಂದವರ ನಂಬಿಕೆ. ಹೊತ್ತವರು ನಾಲ್ಕು ಜನ. ಬಾಗಿಲಲ್ಲಿ ಜಾಗವಿಲ್ಲವೆಂದು ವಾಪಸು ಹೋಗದೆ ಮಾಳಿಗೆ ಹತ್ತಿದವರು. ಯಾಯೀರನ ಹನ್ನೆರಡು ವರ್ಷದ ಮಗಳಿಗೆ ಉಸಿರೇ ಇರಲಿಲ್ಲ. ನಂಬಬೇಕಾದವನು ಅಪ್ಪ. ರೋಮನ್ ಶತಾಧಿಪತಿಯ ಆಳು ಎಲ್ಲೋ ಮನೆಯಲ್ಲಿ ಮಲಗಿದ್ದ. ನಂಬಿದವನು ಯಜಮಾನ, ಅದೂ ಪರಧರ್ಮದವನು. ಯೆರೂಸಲೇಮಿನ ಕೊಳದ ದಂಡೆಯಲ್ಲಿ 38 ವರ್ಷದಿಂದ ಬಿದ್ದಿದ್ದವನಿಗಂತೂ ತನ್ನನ್ನು ಎಬ್ಬಿಸಿದವನ ಹೆಸರೂ ಗೊತ್ತಿರಲಿಲ್ಲ. ನೀರಿಗೆ ಇಳಿಸುವವರು ಯಾರೂ ಇಲ್ಲ ಎಂಬ ದೂರು ಬಿಟ್ಟರೆ ಅವನ ಬಾಯಲ್ಲಿ ನಂಬಿಕೆಯ ಮಾತೇ ಬರುವುದಿಲ್ಲ. ಆದರೂ ಅವನು ಎದ್ದು ನಡೆದ.

ಹಾಗೆಂದು ರೋಗಿಯ ನಂಬಿಕೆಗೆ ಬೆಲೆಯೇ ಇಲ್ಲ ಎಂದಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ವೈದ್ಯರಿಗೆ ಇದ್ದಬದ್ದದ್ದನ್ನೆಲ್ಲ ಸುರಿದು, ಜನಜಂಗುಳಿಯಲ್ಲಿ ನುಸುಳಿ ಬಟ್ಟೆಯ ಅಂಚು ಮುಟ್ಟಿದ ಹೆಣ್ಣುಮಗಳಿಗೆ, ನಿನ್ನ ನಂಬಿಕೆಯೇ ನಿನ್ನನ್ನು ಉಳಿಸಿತು ಎಂಬ ಅರ್ಥದ ಮಾತು ಸಿಗುತ್ತದೆ. ಯೆರಿಕೋ ದಾರಿಯ ಕುರುಡು ಭಿಕ್ಷುಕ ಬಾರ್ತಿಮಾಯನಿಗೂ ಅದೇ ಸಿಗುತ್ತದೆ. ಒಂದೆಡೆ ಇಬ್ಬರು ಕುರುಡರನ್ನು ಮೊದಲೇ ನಂಬುತ್ತೀರಾ ಎಂದು ಕೇಳಿದ್ದೂ ಇದೆ. ನಜರೇತಿನಲ್ಲಿ ಊರವರೇ ತಾತ್ಸಾರ ಮಾಡಿದಾಗ ಹೆಚ್ಚು ಅದ್ಭುತಗಳು ನಡೆಯಲಿಲ್ಲ ಎಂದೂ ಬರೆದಿದೆ. ಅಲ್ಲಿಯೂ ಕೆಲವು ರೋಗಿಗಳಿಗೆ ಗುಣವಾಯಿತು. ಆದರೆ ಸಹಾಯ ಬೇಡಿ ಬಂದ ಒಬ್ಬ ರೋಗಿಗೆ, ನಿನ್ನ ನಂಬಿಕೆ ಸಾಲದು, ಹೋಗು ಎಂದು ಹೇಳಿ ಬರಿಗೈಯಲ್ಲಿ ಕಳಿಸಿದ ಘಟನೆ? ನಾಲ್ಕೂ ಪುಸ್ತಕಗಳಲ್ಲಿ ಹುಡುಕಿದೆ. ಒಂದೂ ಸಿಗಲಿಲ್ಲ.

ಹಾಗಾದರೆ ನನ್ನ ತಮ್ಮನಿಗೆ ಆ ಮಾತು ಹೇಳುವ ಅಧಿಕಾರ ಯಾರಿಗಿತ್ತು?

ಯೋಹಾನನ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಗುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ಇವನ ತಂದೆತಾಯಿಗಳ ಪಾಪವೋ ಎಂದು ಕೇಳುತ್ತಾರೆ. ನಮ್ಮ ಕಡೆ ಅದನ್ನೇ ಕರ್ಮ ಎನ್ನುತ್ತಾರೆ, ಹಿರಿಯರ ಶಾಪ ಎನ್ನುತ್ತಾರೆ. ಯೇಸುವಿನ ಉತ್ತರ: ಇಬ್ಬರದ್ದೂ ಅಲ್ಲ. ಅವ್ವನಿಗೆ ಈ ಭಾಗ ಓದಿ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಇನ್ನೊಮ್ಮಿ ಓದು’ ಅಂದಳು. ಮಗನ ರೋಗಕ್ಕೆ ತಾನೇ ಕಾರಣವೆಂದು ಅವಳು ಐದು ವರ್ಷ ಒಳಗೊಳಗೇ ಅಂದುಕೊಂಡಿದ್ದಳು ಎಂಬುದು ನನಗೆ ತಿಳಿದದ್ದು ಆಗಲೇ.

ದೆವ್ವವೇ, ಮಿದುಳೇ?

ಒಂದು ತೊಡಕಿನ ವಿಷಯವನ್ನು ಬಿಟ್ಟುಬಿಟ್ಟರೆ ಪ್ರಾಮಾಣಿಕವಾಗುವುದಿಲ್ಲ. ಮಾರ್ಕನ ಕಥೆಯಲ್ಲಿ ಆ ಹುಡುಗನಿಗೆ ಹಿಡಿದದ್ದು ದುಷ್ಟ ಆತ್ಮ ಎಂದೇ ಇದೆ. ಮತ್ತಾಯ ಬಳಸಿರುವ ಗ್ರೀಕ್ ಪದಕ್ಕೆ ಚಂದ್ರನ ಬಾಧೆಗೆ ಒಳಗಾದವನು ಎಂಬ ಅರ್ಥವಿದೆ. ಆ ಕಾಲದ ಜನ ಕಂಡದ್ದನ್ನು ತಮಗೆ ಗೊತ್ತಿದ್ದ ಮಾತಿನಲ್ಲಿ ಹೇಳಿದರು. ಆದರೆ ಆ ಕಾಲದಲ್ಲೇ ಬೇರೆ ಧ್ವನಿಗಳೂ ಇದ್ದವು. ಯೇಸುವಿಗಿಂತ ಸುಮಾರು 400 ವರ್ಷ ಮೊದಲೇ, ಹಿಪ್ಪೊಕ್ರೆಟಿಸ್ ಹೆಸರಿನಲ್ಲಿ ಬಂದಿರುವ ಗ್ರೀಕ್ ವೈದ್ಯಗ್ರಂಥವೊಂದು, ಮೂರ್ಛೆ ದೈವದ ರೋಗವಲ್ಲ, ಅದರ ಮೂಲ ಮಿದುಳಿನಲ್ಲಿದೆ ಎಂದು ವಾದಿಸಿತ್ತು. ನಮ್ಮ ಆಯುರ್ವೇದವೂ ಇದನ್ನು ಅಪಸ್ಮಾರ ಎಂದು ಕರೆದು ರೋಗಗಳ ಸಾಲಿಗೆ ಸೇರಿಸಿತು. ನಟರಾಜನ ಕಾಲ ಕೆಳಗೆ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರ ಎಂದರೆ, ಮನುಷ್ಯನಿಗೆ ಈ ರೋಗದ ಭಯ ಎಷ್ಟು ಹಳೆಯದು ನೋಡಿ.

ಇವತ್ತು ನಮಗೆ ಗೊತ್ತಿರುವುದು ಇಷ್ಟು. ಮಿದುಳಿನ ಜೀವಕೋಶಗಳಲ್ಲಿ ವಿದ್ಯುತ್ ಸಂಕೇತಗಳು ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿ ಹರಿದಾಗ ಮೂರ್ಛೆ ಬರುತ್ತದೆ. ತಲೆಗೆ ಬಿದ್ದ ಪೆಟ್ಟು, ಹುಟ್ಟುವಾಗ ಆಮ್ಲಜನಕದ ಕೊರತೆ, ಮಿದುಳಿನ ಸೋಂಕು, ಲಾಡಿಹುಳುವಿನ ಮರಿ ಮಿದುಳಿಗೆ ಸೇರುವುದು, ಹೀಗೆ ಕಾರಣಗಳು ಹಲವು. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಅಂಟುರೋಗವಂತೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾಗಿ ಪತ್ತೆಹಚ್ಚಿ ಚಿಕಿತ್ಸೆ ಕೊಟ್ಟರೆ ಅವರಲ್ಲಿ ಶೇ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬದುಕಬಲ್ಲರು.

ಇದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದೆ. ಚಾಮರಾಜನಗರ ಜಿಲ್ಲೆಯ ಯಳಂದೂರು ಸುತ್ತಲಿನ ಹಳ್ಳಿಗಳಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಮೂರ್ಛೆರೋಗಿಗಳಿಗೆ ಹಲವು ವರ್ಷ ಚಿಕಿತ್ಸೆ ಕೊಟ್ಟು ಅಧ್ಯಯನ ಮಾಡಿದರು. 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅವರು ಬಳಸಿದ್ದು ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಎರಡು ಹಳೆಯ, ಅಗ್ಗದ ಗುಳಿಗೆಗಳನ್ನು. ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಇಲ್ಲದೆ, ಹಳ್ಳಿಯಲ್ಲೇ ಈ ರೋಗವನ್ನು ಹತೋಟಿಗೆ ತರಬಹುದೆಂದು ಆ ಕೆಲಸ ತೋರಿಸಿತು. ತಪ್ಪದೆ ನುಂಗಬೇಕು, ಅಷ್ಟೇ. ನಾನು ಆರು ದಿನ ತಪ್ಪಿಸಿದ್ದು ಅದನ್ನೇ.

ಗುಳಿಗೆ ನುಂಗುವುದು ಅವಿಶ್ವಾಸವೇ? ಈ ಪ್ರಶ್ನೆಗೂ ಉತ್ತರ ಅದೇ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಮೂರನೆಯ ಸುವಾರ್ತೆ ಬರೆದ ಲೂಕನನ್ನು ಪರಂಪರೆ ವೈದ್ಯನೆಂದು ಕರೆಯುತ್ತದೆ. ಅವನೇ ಹೇಳಿದ ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ ಪೆಟ್ಟು ತಿಂದು ಬಿದ್ದವನಿಗೆ ಅದ್ಭುತವೇನೂ ನಡೆಯುವುದಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾರೆ, ಕತ್ತೆಯ ಮೇಲೆ ಕೂಡಿಸಿ ಛತ್ರಕ್ಕೆ ಒಯ್ಯುತ್ತಾರೆ, ಆರೈಕೆಯ ಖರ್ಚಿಗೆ ದುಡ್ಡು ಕೊಡುತ್ತಾರೆ. ನೀನೂ ಹಾಗೆಯೇ ಮಾಡು ಎಂದು ಯೇಸು ಹೇಳುವುದು ಆ ಕೆಲಸವನ್ನು ತೋರಿಸಿ. ಯಾಯೀರನ ಮಗಳು ಎದ್ದು ಕೂತ ಮೇಲೆ ಅವನು ಮನೆಯವರಿಗೆ ಹೇಳಿದ ಮಾತು ನನಗೆ ತುಂಬ ಇಷ್ಟ: ಅವಳಿಗೆ ತಿನ್ನಲು ಏನಾದರೂ ಕೊಡಿ. ಸತ್ತವಳನ್ನು ಎಬ್ಬಿಸಿದವನಿಗೂ, ಮಗುವಿನ ಹಸಿವನ್ನು ಮನೆಯವರೇ ನೋಡಬೇಕೆಂದು ಅನಿಸಿತಲ್ಲ.

ಈ ಕಥೆಗಳನ್ನು ಓದಿದವರು ಪ್ರಾರ್ಥನೆಯ ಜೊತೆಗೆ ದವಾಖಾನೆಗಳನ್ನೂ ಕಟ್ಟಿದರು. ನಮ್ಮ ಪಕ್ಕದ ಯಾದಗಿರಿಯಲ್ಲಿ ಮೆಥೋಡಿಸ್ಟ್ ಮಿಷನ್ನಿನ ಹೋಲ್‌ಸ್ಟನ್ ಆಸ್ಪತ್ರೆಯಿದೆ. ವೆಲ್ಲೂರಿನಲ್ಲಿ ಐಡಾ ಸ್ಕಡರ್ ಎಂಬ ವೈದ್ಯೆ 1900ರಲ್ಲಿ ಚಿಕ್ಕದಾಗಿ ಕೆಲಸ ಶುರುಮಾಡಿ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ಇವತ್ತಿನ ಸಿಎಂಸಿ ಆಸ್ಪತ್ರೆ ಬೆಳೆದದ್ದು ಆ ಬೇರಿನಿಂದ. ಹೆರಿಗೆಯಲ್ಲಿ ಹೆಣ್ಣುಮಕ್ಕಳು ವೈದ್ಯರಿಲ್ಲದೆ ಸಾಯುವುದನ್ನು ಕಂಡು ಆಕೆ ವೈದ್ಯಕೀಯ ಓದಲು ಹೋದರು. ನನಗೆ ಅದೂ ನಂಬಿಕೆಯಾಗಿಯೇ ಕಾಣುತ್ತದೆ.

ಕೆಲಸ ಹುಡುಕುವವರಿಗೆ

ನನ್ನ ನೋಟ್‌ಬುಕ್ಕಿನ ಮೂರನೆಯ ಕಾಲಂ ‘ಆಮೇಲೆ ಏನಾಯಿತು’. ಅದರಲ್ಲಿ ಮತ್ತೆ ಮತ್ತೆ ಬರುವ ಮಾತು, ಮನೆಗೆ ಹೋದರು, ಊರಿಗೆ ಹೋದರು ಎಂಬುದು. ಕುಷ್ಠ ವಾಸಿಯಾದವನಿಗೆ, ಹೋಗಿ ಯಾಜಕನಿಗೆ ತೋರಿಸು ಎಂದು ಹೇಳಲಾಗುತ್ತದೆ. ಯಾಜಕನು ಒಪ್ಪಿದರೆ ಮಾತ್ರ ಅವನು ಊರೊಳಗೆ ಬರಬಹುದಿತ್ತು. ಅಂದರೆ ರೋಗ ಹೋದರೆ ಸಾಲದು, ಊರು ಅವನನ್ನು ಒಳಗೆ ಸೇರಿಸಿಕೊಳ್ಳಬೇಕು. ಆಗಲೇ ಗುಣವಾದಂತೆ.

ಇಂದಿಗೂ ಮೂರ್ಛೆ ಇರುವವರಿಗೆ ದೊಡ್ಡ ಕಷ್ಟ ಇಲ್ಲೇ. ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇಪದೇ ಮೂರ್ಛೆ ಬರುವುದು ಮದುವೆಗೆ ಅನರ್ಹತೆ ಎಂದಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಕಾನೂನು ಬಿಟ್ಟರೂ ಜನ ಬಿಟ್ಟಿಲ್ಲ. ತಮ್ಮನಿಗೆ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಬೇಕೆಂಬ ಆಸೆಯಿತ್ತು. ಕಂಬ ಹತ್ತುವ ಕೆಲಸ ಅವನಿಗೆ ಅಪಾಯ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲೂ ಮೂರ್ಛೆ ಇದೆಯೇ ಎಂದು ಕೇಳುತ್ತಾರೆ. ಸುಳ್ಳು ಬರೆದುಬಿಡು ಎಂದ ಗೆಳೆಯರಿದ್ದರು. ಅವನು ಬರೆಯಲಿಲ್ಲ. ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ತಾನೇ ಹೋಗಿ ಕಂಪ್ಯೂಟರ್ ಕೋರ್ಸಿಗೆ ಸೇರಿ ಬಂದ. ಮೊದಲ ದಿನವೇ ಪಕ್ಕದಲ್ಲಿ ಕೂರುವ ಹುಡುಗನಿಗೆ ತನ್ನ ರೋಗದ ವಿಷಯ ಹೇಳಿ, ಬಿದ್ದರೆ ಏನು ಮಾಡಬೇಕೆಂದು ಕಲಿಸಿದ. ಮೂಗಿಗೆ ಚಪ್ಪಲಿ ಹಿಡಿಯಬೇಡ, ಕೈಗೆ ಕೀಲಿಕೈ ಕೊಡಬೇಡ, ಬಾಯಿಗೆ ಏನೂ ತುರುಕಬೇಡ, ಕೈಕಾಲು ಅದುಮಿ ಹಿಡಿಯಬೇಡ. ತಲೆಗೆ ಮೆತ್ತಗಿನದ್ದೇನಾದರೂ ಇಟ್ಟು, ಮಗ್ಗುಲಾಗಿ ಹೊರಳಿಸಿ, ಗಡಿಯಾರ ನೋಡು. ಐದು ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಫೋನ್ ಮಾಡು.

ಪಾರ್ಶ್ವವಾಯುವಿನವನನ್ನು ಹೊತ್ತ ಆ ನಾಲ್ವರು ನೆನಪಿಗೆ ಬಂದರು. ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ಕೋಚಿಂಗ್ ಸೆಂಟರಿನಲ್ಲಿ ನಿಮ್ಮ ಪಕ್ಕ ಕೂತವರಲ್ಲಿ ಇಂಥವರೊಬ್ಬರು ಇರಬಹುದು. ಮಂಚದ ಒಂದು ಮೂಲೆ ಹಿಡಿಯಲು ದೊಡ್ಡ ಭಕ್ತಿಯೇನೂ ಬೇಡ. ಗಡಿಯಾರ ನೋಡಲು ಬಂದರೆ ಸಾಕು.

ಬೇತ್ಸಾಯಿದದ ಕುರುಡನ ಕಥೆಯೊಂದು ಮಾರ್ಕನಲ್ಲಿದೆ. ಅವನಿಗೆ ಒಂದೇ ಸಲಕ್ಕೆ ಕಣ್ಣು ಬರುವುದಿಲ್ಲ. ಮೊದಲ ಸಲ ಮುಟ್ಟಿದಾಗ ಮನುಷ್ಯರು ನಡೆದಾಡುವ ಮರಗಳಂತೆ ಮಬ್ಬಾಗಿ ಕಾಣುತ್ತಾರೆ. ಕಂಡದ್ದನ್ನು ಅವನು ಇದ್ದಂತೆ ಹೇಳುತ್ತಾನೆ, ಪೂರ್ತಿ ಕಾಣುತ್ತಿದೆ ಎಂದು ಸಾಕ್ಷಿ ನುಡಿಯುವುದಿಲ್ಲ. ಆಮೇಲೆ ಎರಡನೆಯ ಸಲ ಮುಟ್ಟಲಾಗುತ್ತದೆ. ಅವನು ಆ ಹೊತ್ತಿನಲ್ಲಿ ಸುಳ್ಳು ಹೇಳಿದ್ದರೆ ಏನಾಗುತ್ತಿತ್ತೋ. ಅಂದು ಆ ವೇದಿಕೆಯ ಮೇಲೆ ನಾವೂ, ಇನ್ನೂ ಮಬ್ಬಾಗಿದೆ ಎಂದು ಹೇಳಬಹುದಿತ್ತು.

ಇಷ್ಟೆಲ್ಲ ಓದಿದ ಮೇಲೆ ತಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಅವನಿಗೆ ಯಾಕೆ ಪೂರ್ತಿ ವಾಸಿಯಾಗಲಿಲ್ಲ ಎನ್ನುವುದಕ್ಕೆ ಸಿಕ್ಕಿಲ್ಲ. ಗೆತ್ಸೇಮನೆಯ ತೋಟದಲ್ಲಿ ಯೇಸುವೂ ತನ್ನ ಕಷ್ಟ ದಾಟಿಹೋಗಲಿ ಎಂದು ಪ್ರಾರ್ಥಿಸಿದ್ದ. ಅದು ದಾಟಲಿಲ್ಲ. ಅವನ ನಂಬಿಕೆ ಕಡಿಮೆಯಿತ್ತೆಂದು ಯಾರೂ ಹೇಳುವುದಿಲ್ಲ. ‘ಎಷ್ಟು ನಂಬಬೇಕಿತ್ತು’ ಎನ್ನುವುದಕ್ಕೆ ಮಾತ್ರ ನಾನು ತಮ್ಮನಿಗೆ ಹೇಳಿದೆ: ‘ನೀ ನಂಬಿದ್ದು ಸಾಕಾಗಿತ್ತು. ನಂದೇ ತಪ್ಪಾತು. ಗುಳಿಗಿ ಕೊಡೂದು ನನ್ನ ಕೆಲಸ ಇತ್ತು.’ ಅಪ್ಪನ ಹತ್ತಿರವೂ ಹೋಗಿ ತಪ್ಪಾಯಿತೆಂದೆ. ಅಪ್ಪ ಏನೂ ಅನ್ನಲಿಲ್ಲ. ಪಾಲಿಶ್ ಧೂಳು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ನನ್ನ ತಲೆಯ ಮೇಲಿಟ್ಟ.

ಆ ಭಾನುವಾರ ಸಂಡೇ ಸ್ಕೂಲಿನಲ್ಲಿ ಕಥೆ ಹೇಳಿದೆ. ಮುಗಿದ ಮೇಲೆ ಒಬ್ಬ ಚಿಕ್ಕ ಹುಡುಗಿ ಕೇಳಿದಳು: ‘ಅಕ್ಕಾ, ಆ ಹುಡುಗನ ಹೆಸರೇನು?’ ಸುವಾರ್ತೆಯಲ್ಲಿ ಹೆಸರಿಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದ ತಮ್ಮ ನಕ್ಕ.

ಹದಿನಾಲ್ಕು ತಿಂಗಳು ಅವನಿಗೆ ಏನೂ ಆಗಲಿಲ್ಲ. ಹೋದ ತಿಂಗಳು ಕ್ಲಾಸಿನಲ್ಲಿ ಒಮ್ಮೆ ಬಂತು. ಪಕ್ಕದ ಹುಡುಗ ಹೇಳಿಕೊಟ್ಟಂತೆಯೇ ಮಾಡಿ, ಎರಡು ನಿಮಿಷಕ್ಕೆ ನಿಂತಿತೆಂದು ಫೋನ್ ಮಾಡಿ ತಿಳಿಸಿದ. ವೈದ್ಯರು ಗುಳಿಗೆಯ ಪ್ರಮಾಣ ಸ್ವಲ್ಪ ಏರಿಸಿದ್ದಾರೆ. ಅವ್ವ ಈಗಲೂ ದಿನಾ ಪ್ರಾರ್ಥಿಸುತ್ತಾಳೆ, ನಾನೂ ಪ್ರಾರ್ಥಿಸುತ್ತೇನೆ. ಒಂಬತ್ತು ಗಂಟೆಗೆ ಅಲಾರಾಂ ಹೊಡೆದರೆ ಪ್ರಾರ್ಥನೆಯ ನಡುವಿನಲ್ಲೇ ಎದ್ದು ಡಬ್ಬಿ ತೆಗೆಯುತ್ತೇನೆ.